ಸಹಾಯ ಬೇಕು: ಆನ್‌ಲೈನ್ ಸಭೆಗೆ ಹಿರಿಯರಿಗೂ ಒಗ್ಗುವ ಸರಳ ಆ್ಯಪ್ ಯಾವುದು?

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ ಸುತ್ತಲಿನ ಹಳ್ಳಿಗಳ ನಾವು 45 ಮಂದಿ ರೇಷ್ಮೆ ಬೆಳೆಗಾರರು ತಿಂಗಳಿಗೊಮ್ಮೆ ಸೇರಿ ಸೊಪ್ಪು, ರೋಗ, ಗೂಡಿನ ದರಗಳ ಬಗ್ಗೆ ಚರ್ಚಿಸುತ್ತೇವೆ. ಹುಳು ನಾಲ್ಕನೇ ಜ್ವರದಿಂದ (ಕೊನೆಯ ಬಾರಿ ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ಯಾರೂ ಮನೆ ಬಿಟ್ಟು ಕದಲುವಂತಿಲ್ಲವಾದ್ದರಿಂದ, ಸಭೆಯನ್ನು ಫೋನಿನಲ್ಲೇ ನಡೆಸಲು ತೀರ್ಮಾನಿಸಿದೆವು.

ಮೊದಲ ಸಭೆಯಲ್ಲಿ ನಮ್ಮ ಹಿರಿಯರೊಬ್ಬರು ಹುಳುಮನೆಯ ಬಾಗಿಲಲ್ಲಿ ಕುಳಿತು, ಸಾಮಾನ್ಯ ಕರೆಯೆಂದೇ ಭಾವಿಸಿ ಫೋನನ್ನು ಕಿವಿಗೆ ಹಿಡಿದು, ಹುಳು ಬೆಳ್ಳಗೆ ಗಟ್ಟಿಯಾಗಿ ಸಾಯುವ ಸುಣ್ಣಕಟ್ಟು ರೋಗದ ಬಗ್ಗೆ ಎರಡು ಮೂರು ಬಾರಿ ಕೇಳಿದ್ದಾರೆ. ಮೈಕ್ ಆಫ್ ಆಗಿದ್ದುದರಿಂದ ಅವರ ಮಾತು ನಮಗಾರಿಗೂ ಕೇಳಿಸಲಿಲ್ಲ. ಮರುದಿನ ಈ ವಿಷಯ ತಿಳಿದು ನನಗೆ ಬಹಳ ನೋವಾಯಿತು.

ಎಲ್ಲರಿಗೂ ಪರಿಚಿತವಾದದ್ದು ವಾಟ್ಸ್‌ಆ್ಯಪ್. ಆದರೆ ಅದರ ಗ್ರೂಪ್ ವಿಡಿಯೊ ಕರೆಯಲ್ಲಿ 32 ಮಂದಿಗಷ್ಟೇ ಅವಕಾಶ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಹಣ ಕಟ್ಟದೆಯೇ 100 ಮಂದಿ 60 ನಿಮಿಷ ಸೇರಬಹುದು, ಆಂಡ್ರಾಯ್ಡ್ ಫೋನ್ ಇರುವವರಿಗೆ ಗೂಗಲ್ ಖಾತೆಯೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗಾಗಿ ನನ್ನ ಒಲವು ಅದರ ಕಡೆಗಿದೆ. ಆದರೂ ಹೊಸದೊಂದನ್ನು ಕಲಿಸುವುದಕ್ಕಿಂತ ಕೈಗೆ ಅಭ್ಯಾಸವಾದದ್ದನ್ನೇ ಬಳಸುವುದು ಮೇಲೇನೋ ಎಂಬ ಅನುಮಾನವೂ ಇದೆ.

ಹಿರಿಯರೊಂದಿಗೆ ಇಂತಹ ಸಭೆ ನಡೆಸಿದ ಅನುಭವವಿರುವವರು ಯಾವುದನ್ನು ಆರಿಸಿಕೊಂಡಿರಿ, ಮೈಕ್ ಆನ್ ಮಾಡುವುದನ್ನು ಹೇಗೆ ಕಲಿಸಿದಿರಿ, ಸಿಗ್ನಲ್ ಕ್ಷೀಣವಾಗಿರುವ ಕಡೆ ಏನು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ. ಮುಂದಿನ ಸಭೆ ಭಾನುವಾರ ಸಂಜೆ ಇದೆ. ಶುಕ್ರವಾರದೊಳಗೆ ಉತ್ತರ ಸಿಕ್ಕರೆ ಮನೆಮನೆಗೆ ಹೋಗಿ ಒಮ್ಮೆ ತೋರಿಸಿಕೊಟ್ಟು ಬರುತ್ತೇನೆ.