ಒಂದೇ ವಾಕ್ಯದಲ್ಲಿ ಎರಡು ‘ಶಕ್ತಿ’: ಪೊಟೆನ್ಸಿ, ಇಮ್ಯುನಿಟಿ, ಡೈಲ್ಯೂಷನ್‌ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹೋಮಿಯೋಪಥಿಗೆ ಸಂಬಂಧಿಸಿದ 1988ರ ಪ್ರಯೋಗವೊಂದನ್ನು ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಮೂರನೆಯ ವಾಕ್ಯದಲ್ಲೇ ಸಿಕ್ಕಿಕೊಂಡೆ: ‘ಶಕ್ತಿ ಹೆಚ್ಚಿಸಿದ ದ್ರಾವಣವು ರೋಗನಿರೋಧಕ ಶಕ್ತಿಯ ಮೇಲೆ ಪರಿಣಾಮ ಬೀರಿತು ಎಂದು ಸಂಶೋಧಕರು ಹೇಳಿದರು.’ ಮೊದಲ ‘ಶಕ್ತಿ’ ಹೋಮಿಯೋಪಥಿಯ ‘ಪೊಟೆನ್ಸಿ’, ಅಂದರೆ ಔಷಧಕ್ಕೆ ಮತ್ತೆ ಮತ್ತೆ ನೀರು ಬೆರೆಸಿ ಕುಲುಕಿದಷ್ಟೂ ಹೆಚ್ಚುತ್ತದೆ ಎಂದು ಆ ಪದ್ಧತಿಯವರು ಹೇಳುವ ಬಲ; ಎರಡನೆಯದು ‘ಇಮ್ಯುನಿಟಿ’. ಇದನ್ನು ಓದಿದ ಮಗು, ಯಾರೋ ಔಷಧ ಕುಡಿದು ಮೈಗೆ ಬಲ ಬಂದಿತೆಂದೇ ತಿಳಿಯುತ್ತದೆ. ನಡೆದದ್ದು ಬೇರೆ.

ಪ್ಯಾರಿಸ್ ಬಳಿಯ ಕ್ಲಾಮಾರ್‌ನಲ್ಲಿ ವಿಜ್ಞಾನಿ ಜಾಕ್ ಬೆನ್‌ವೆನಿಸ್ತ್ ಅವರ ತಂಡ ಮನುಷ್ಯರ ರಕ್ತದಿಂದ ಬೇಸೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ತೆಗೆದು, ಅಲರ್ಜಿಯಲ್ಲಿ ಪಾತ್ರ ವಹಿಸುವ ಐಜಿಇ ಎಂಬ ಪ್ರತಿಕಾಯವನ್ನು ಹಿಡಿದುಕೊಳ್ಳುವ ಸೀರಮ್ಮಿನೊಂದಿಗೆ (ರಕ್ತದಿಂದ ಬೇರ್ಪಡಿಸಿದ ತಿಳಿದ್ರವ) ಬೆರೆಸುತ್ತಿತ್ತು. ಆಗ ಬೇಸೋಫಿಲ್ ತನ್ನೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿದ ಸಣ್ಣ ಕಾಳುಗಳನ್ನು ಹೊರಚೆಲ್ಲುತ್ತದೆ. ಚೆಲ್ಲಿದ ಮೇಲೆ ಅದು ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಿಡಿದವುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಎಷ್ಟು ಚೆಲ್ಲಿವೆ ಎಂಬ ಲೆಕ್ಕ ಸಿಗುತ್ತದೆ. ಸೀರಮ್ಮಿಗೆ ಮತ್ತೆ ಮತ್ತೆ ನೀರು ಬೆರೆಸಿ, ಪ್ರತಿ ಸಲವೂ ಜೋರಾಗಿ ಕುಲುಕಿ, ಅದರ ಒಂದು ಅಣುವೂ ಉಳಿದಿರಲಾರದ ಹಂತ ದಾಟಿದರೂ ಇದು ನಡೆಯುತ್ತದೆ ಎಂದು ತಂಡ ಜೂನ್ 30ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು.

ಗಮನಿಸಿ, ಎಣಿಸಿದ್ದು ಅಲರ್ಜಿಯ ಕ್ರಿಯೆಯನ್ನು. ಮೈ ತುರಿಸಿ ದದ್ದು ಏಳಿಸುವ ಕ್ರಿಯೆಯನ್ನು. ಇದಕ್ಕೆ ‘ರೋಗನಿರೋಧಕ ಶಕ್ತಿ’ ಒಪ್ಪುವುದೇ? ಶಕ್ತಿ ಎಂದೊಡನೆ ಅದು ಹೆಚ್ಚಬೇಕು, ಇಲ್ಲವೇ ಕುಗ್ಗಬೇಕು. ದಾರಿ ತಪ್ಪಿ ಮೈಯನ್ನೇ ಕಾಡಬಹುದು ಎಂಬ ಅರ್ಥಕ್ಕೆ ಎಡೆಯೇ ಇಲ್ಲ. ಹಾಗಾಗಿ ‘ಮೈಯ ಕಾವಲು ವ್ಯವಸ್ಥೆ’ ಎಂದು ಬರೆದಿದ್ದೇನೆ. ಕಾವಲಿನವನು ಮನೆಯವರ ಮೇಲೆಯೇ ಕೈಮಾಡುವುದುಂಟು ಎಂಬುದು ಮಕ್ಕಳಿಗೂ ಗೊತ್ತು.

ನನ್ನನ್ನು ಹೆಚ್ಚು ಕಾಡಿದ್ದು ‘ಡೈಲ್ಯೂಷನ್’, ಅಂದರೆ ನೀರು ಬೆರೆಸಿ ತೆಳುವಾಗಿಸುವುದು. ಪಠ್ಯಪುಸ್ತಕಗಳಲ್ಲಿ ‘ಸಾರರಿಕ್ತ ಆಮ್ಲ’ ಎಂಬುದಿದೆ. ಸಾರರಿಕ್ತ ಎಂದರೆ ಸಾರ ಬರಿದಾದದ್ದು. ಹೋಮಿಯೋಪಥಿಯ ಸೀಸೆಗಳ ಮೇಲಿನ 30 ಸಿ ಎಂದರೆ ನೂರರಲ್ಲಿ ಒಂದು ಪಾಲಾಗಿಸುವುದನ್ನು 30 ಸಲ ಮಾಡಿದ್ದು, ಅಂದರೆ ಒಂದರ ಮುಂದೆ 60 ಸೊನ್ನೆ. 12 ಸಿ ದಾಟುವ ಹೊತ್ತಿಗೇ ಅಣು ಉಳಿಯುವ ಸಾಧ್ಯತೆ ಮುಗಿದಿರುತ್ತದೆ. ಇಲ್ಲಿ ‘ಸಾರರಿಕ್ತ’ ಅಕ್ಷರಶಃ ನಿಜ. ಆದರೂ ಪ್ರಯೋಗ ವಿವರಿಸುವ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ಅದೇ ದ್ರಾವಣವನ್ನು ‘ಶಕ್ತಿ ಹೆಚ್ಚಿಸಿದ’ ಎಂದರೆ ತೀರ್ಪು ಇನ್ನೊಂದು ಕಡೆಗೆ. ‘ದುರ್ಬಲಗೊಳಿಸಿದ’ ಎಂದರೆ ರಸಾಯನಶಾಸ್ತ್ರದ ‘ದುರ್ಬಲ ಆಮ್ಲ’ ಅಡ್ಡಬರುತ್ತದೆ, ಅದು ಬೇರೆಯೇ ಸಂಗತಿ. ಯಾರ ಪಕ್ಷವನ್ನೂ ಹಿಡಿಯದ ಪದ ನನಗೆ ಬೇಕು. ಸದ್ಯಕ್ಕೆ ‘ತೆಳುಗೊಳಿಸಿದ’ ಎಂದಿಟ್ಟು, ‘ಪೊಟೆನ್ಸಿ’ಯನ್ನು ಹಾಗೆಯೇ ಉಳಿಸಿದ್ದೇನೆ.

ಕೊನೆಯದು ‘ಬ್ಲೈಂಡ್’ ಪರೀಕ್ಷೆ. ಜುಲೈನಲ್ಲಿ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಾಕ್ಸ್, ಸಂಶೋಧನೆಯಲ್ಲಿನ ಮೋಸಗಳನ್ನು ಪರಿಶೀಲಿಸುತ್ತಿದ್ದ ವಾಲ್ಟರ್ ಸ್ಟೂವರ್ಟ್ ಮತ್ತು ಜಾದೂಗಾರ ಜೇಮ್ಸ್ ರ‍್ಯಾಂಡಿ ಆ ಪ್ರಯೋಗಾಲಯಕ್ಕೆ ಹೋದರು. ಯಾವ ನಳಿಕೆಯಲ್ಲಿ ಏನಿದೆ ಎಂಬ ಗುರುತಿನ ಚೀಟಿಯನ್ನು ಲಕೋಟೆಯಲ್ಲಿ ಮುಚ್ಚಿ ಚಾವಣಿಗೆ ಅಂಟಿಸಿದರು. ಎಣಿಸುವವರಿಗೆ ಗುರುತು ತಿಳಿಯದಂತಾದಾಗ ಪರಿಣಾಮವೂ ಕಾಣದಾಯಿತು. ‘ಕುರುಡು ಪರೀಕ್ಷೆ’ ಎಂಬುದನ್ನು ಬರೆಯಲು ನನಗೆ ಮನಸ್ಸಿಲ್ಲ. ಅಲ್ಲಿ ಎಲ್ಲರಿಗೂ ಕಣ್ಣು ಕಾಣುತ್ತಿತ್ತು, ಮುಚ್ಚಿದ್ದು ಗುರುತನ್ನು. ‘ಗುರುತು ಮುಚ್ಚಿದ ಪರೀಕ್ಷೆ’ ಆದೀತೇ?

ಇನ್ನೊಂದು ಕೇಳಬೇಕು. ನಿಮ್ಮ ಕಡೆ ಹಾಲಿಗೋ ಮಜ್ಜಿಗೆಗೋ ನೀರು ಬೆರೆಸಿ ತೆಳುವಾಗಿಸುವುದಕ್ಕೆ ಒಂದೇ ಪದದ ಕ್ರಿಯಾಪದ ಬಳಕೆಯಲ್ಲಿದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.