ಹೈಡ್ರಾಲಿಕ್ ಟಾರ್ಕ್ ರೆಂಚ್ ವಾಪಸ್ ಬರ್ತಿಲ್ಲ, ಬಿಗಿ ಮಾಡಿದ ನಟ್ ಮತ್ತೆ ತಿರುಗ್ತಿದೆ

ಪ್ರಶ್ನೆ
ಗದಗ ಕಡೆ ವಿಂಡ್‌ಮಿಲ್ ಟವರ್ ಫ್ಲೇಂಜ್ (ಟವರಿನ ತುಂಡುಗಳನ್ನು ಬೋಲ್ಟ್ ಹಾಕಿ ಸೇರಿಸೋ ಉಂಗುರ) ಕೆಲಸ, ಎಣ್ಣೆಯ ಒತ್ತಡದಿಂದ ನಟ್ ಬಿಗಿ ಮಾಡೋ ಹೈಡ್ರಾಲಿಕ್ ಟಾರ್ಕ್ ರೆಂಚಿನಲ್ಲಿ. ಎಂ36, 10.9 ಎಚ್‌ವಿ (ಹೆಚ್ಚು ಬಲದ ದರ್ಜೆ) ಬೋಲ್ಟ್, 60 ಎಂಎಂ ಸಾಕೆಟ್, ಟಾರ್ಕ್ 2800 ನ್ಯೂಟನ್ ಮೀಟರ್. 230 ವೋಲ್ಟ್ ಎಲೆಕ್ಟ್ರಿಕ್ ಪಂಪ್. ತೊಂದರೆ ಎರಡು: ಪಂಪಿನ ಬಟನ್ ಬಿಟ್ಟರೂ ಕೆಲವೊಮ್ಮೆ ಪಿಸ್ಟನ್ ಹಿಂದಕ್ಕೆ ಬರಲ್ಲ, ಟೂಲ್ ನಟ್ಟಿಗೇ ಕಚ್ಚಿಕೊಳ್ಳುತ್ತೆ. ಇನ್ನೊಂದು, ಗೇಜ್ ಸೆಟ್ ಮಾಡಿದ ಒತ್ತಡ ತೋರಿಸಿದ ಮೇಲೂ ತಪಾಸಣೆಯಲ್ಲಿ ನಟ್ ತಿರುಗುತ್ತೆ. ಪಂಪ್ ಬದಲಿಸಬೇಕಾ?

ಉತ್ತರ 1
ಪಂಪಿಗೆ ಕೈ ಹಚ್ಚೋ ಮೊದಲು ಕಪ್ಲರ್ (ಹೋಸ್ ಸೇರಿಸೋ ಜೋಡಣೆ) ನೋಡಿ. ರಿಟರ್ನ್ ಹೋಸಿನ ಕಪ್ಲರ್ ಪೂರ್ತಿ ಕೂರದಿದ್ದರೆ ಅದರೊಳಗಿನ ಬಾಲ್ ಎಣ್ಣೆಯ ದಾರಿ ಮುಚ್ಚುತ್ತೆ. ಇದು ಅಪಾಯ ಕೂಡ: ಪಿಸ್ಟನ್ ಮುಂದೆ ಹೋಗುವಾಗ ರಾಡ್ ಬದಿಯ (ಪಿಸ್ಟನ್ನಿನ ದಂಡ ಇರೋ ಬದಿಯ) ಎಣ್ಣೆ ಹೊರಬರಲೇಬೇಕು. ಸಿಕ್ಕಿಕೊಂಡರೆ ಅಲ್ಲಿ ವಿಸ್ತೀರ್ಣ ಕಡಿಮೆ ಇರೋದರಿಂದ ಒತ್ತಡ ಪಂಪ್ ಕೊಡೋದಕ್ಕಿಂತ ಮೇಲೇರುತ್ತೆ, ಗೇಜ್ ಅದನ್ನು ತೋರಿಸಲ್ಲ.

ಮೋಟಾರ್ ನಿಲ್ಲಿಸಿ, ಬಟನ್ ಒಂದೆರಡು ಸಲ ಒತ್ತಿ ಉಳಿದ ಒತ್ತಡ ಬಿಡಿ. ಕಪ್ಲರಿನ ಮುಖ ಒರೆಸಿ, ಕಾಲರ್ ಕೊನೆಯವರೆಗೂ ಕೈಯಿಂದಲೇ ತಿರುಗಿಸಿ. ಕೂರದಿದ್ದರೆ ಪೈಪ್ ರೆಂಚ್ ಹಾಕಬೇಡಿ, ಒಳಗೆ ಒತ್ತಡ ಉಳಿದಿದೆ ಅಂತ ಅರ್ಥ. ಆಮೇಲೆ ಟೂಲನ್ನು ನಟ್ಟಿಂದ ದೂರ ನೆಲದ ಮೇಲಿಟ್ಟು ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿ, ಗಾಳಿಯೂ ಹೋಗುತ್ತೆ. ಆಗ ಕೈ ರಿಯಾಕ್ಷನ್ ಆರ್ಮ್ (ಪಕ್ಕದ ಆಸರೆಗೆ ಒತ್ತಿ ನಿಲ್ಲೋ ಟೂಲಿನ ತೋಳು) ಹತ್ತಿರ ಬೇಡ.

ಕಚ್ಚಿಕೊಂಡ ಟೂಲನ್ನು ಸುತ್ತಿಗೆಯಲ್ಲಿ ಹೊಡೆಯಬೇಡಿ. ಬಟನ್ ಒತ್ತಿ ಒತ್ತಡ ಏರಿಸಿ, ಒತ್ತಿಕೊಂಡೇ ಪಾಲ್ ಲಿವರ್ (ಹಲ್ಲುಚಕ್ರ ಹಿಂದೆ ಜಾರದಂತೆ ತಡೆಯೋ ಕೊಕ್ಕೆಯ ಲಿವರ್) ಹಿಂದಕ್ಕೆ ಎಳೆದು ಹಿಡಿದು, ಬಟನ್ ಬಿಡಿ.

ಉತ್ತರ 2
ಎರಡನೇ ತೊಂದರೆಗೆ ಕಾರಣ ಬಹುತೇಕ ಗೇಜ್ ಓದೋ ರೀತಿ. ಪಿಸ್ಟನ್ ಸ್ಟ್ರೋಕಿನ ಕೊನೆ ಮುಟ್ಟಿದಾಗಲೂ ಮುಳ್ಳು ಸೆಟ್ ಒತ್ತಡಕ್ಕೆ ಏರುತ್ತೆ. ಅದು ಟಾರ್ಕ್ ಅಲ್ಲ. ಬಟನ್ ಬಿಟ್ಟು, ರ‍್ಯಾಚೆಟ್ ಹಿಂದಕ್ಕೆ ಬಂದ ಮೇಲೆ ಮತ್ತೆ ಒತ್ತಿ. ನಟ್ ಅಲುಗಾಡದೆ ಮುಳ್ಳು ನೇರ ಸೆಟ್ಟಿಂಗಿಗೆ ಏರಿದರೆ ಮಾತ್ರ ಆ ನಟ್ ಮುಗಿದ ಹಾಗೆ.

ಸೆಟ್ಟಿಂಗ್ ಮಾಡುವಾಗ ಟೂಲ್ ನಟ್ ಮೇಲಿರಬಾರದು. ರಿಲೀಫ್ ವಾಲ್ವ್ (ಪಂಪಿನ ಗರಿಷ್ಠ ಒತ್ತಡ ಸೆಟ್ ಮಾಡೋ ವಾಲ್ವ್) ಮೊದಲು ಸಡಿಲಿಸಿ, ಬಟನ್ ಒತ್ತಿಕೊಂಡು ನಿಧಾನ ಬಿಗಿ ಮಾಡುತ್ತಾ ಕೆಳಗಿನಿಂದ ಮೇಲಕ್ಕೆ ಬನ್ನಿ, ಕೊನೆಗೆ ಲಾಕ್ ನಟ್. ಯಾವ ಒತ್ತಡಕ್ಕೆ ಎಷ್ಟು ಟಾರ್ಕ್ ಅನ್ನೋ ಚಾರ್ಟ್ ಆ ಮಾಡೆಲಿನದ್ದೇ ಬೇಕು: 690 ಬಾರ್ ಒತ್ತಡಕ್ಕೆ 5600 ನ್ಯೂಟನ್ ಮೀಟರ್ ಕೊಡೋ ಟೂಲ್ ಆದರೆ 2800ಕ್ಕೆ 345 ಬಾರ್.

ಪಕ್ಕದ ಬೋಲ್ಟ್ ಬಿಗಿಯಾದಾಗ ಮೊದಲಿನದು ಸಡಿಲವಾಗೋದೂ ಸಹಜ. ಅರ್ಧ ಟಾರ್ಕ್, ಆಮೇಲೆ ಪೂರ್ತಿ, ಕೊನೆಗೆ ಪೂರ್ತಿ ಒತ್ತಡದಲ್ಲೇ ಇನ್ನೊಂದು ಸುತ್ತು ಹಾಕಿ.

ಪ್ರಶ್ನೆ ಕೇಳಿದವರು
ರಿಟರ್ನ್ ಕಪ್ಲರ್ ಎರಡು ಸುತ್ತು ಬಾಕಿ ಇತ್ತು ಸರ್, ಈಗ ಟೂಲ್ ವಾಪಸ್ ಬರ್ತಿದೆ. ಆದರೆ ಒತ್ತಡ ಏರುವಾಗ ಮೋಟಾರ್ ಗುಂಯ್ ಅಂದು ಟ್ರಿಪ್ ಆಗುತ್ತೆ. ಬೋಲ್ಟಿಗೆ ಗ್ರೀಸ್ ಹಾಕಬಹುದಾ?

ಉತ್ತರ 3
ಟ್ರಿಪ್ಪಿಗೆ ಎಕ್ಸ್‌ಟೆನ್ಷನ್ ವೈರ್ ನೋಡಿ. ಸುತ್ತಿಟ್ಟ ತೆಳು ವೈರಿನಲ್ಲಿ ವೋಲ್ಟೇಜ್ ಬೀಳುತ್ತೆ. ಪೂರ್ತಿ ಬಿಚ್ಚಿ, ಕನಿಷ್ಠ 2.5 ಚದರ ಎಂಎಂ ವೈರ್ ಬಳಸಿ, ಲೋಡ್ ಇರುವಾಗಲೇ ಪಂಪಿನ ಪ್ಲಗ್ ಹತ್ತಿರ ವೋಲ್ಟೇಜ್ ಅಳೆಯಿರಿ.

ಗ್ರೀಸ್ ಖಂಡಿತ ಬೇಡ. ಎಚ್‌ವಿ ಸೆಟ್ಟಿನ ನಟ್ಟಿಗೆ ಕಾರ್ಖಾನೆಯಲ್ಲೇ ಲೂಬ್ರಿಕೆಂಟ್ ಹಚ್ಚಿರ್ತಾರೆ. ನೀವು ಹೇಳಿದ 2800 ಆ ಸ್ಥಿತಿಗೆ, 510 ಕಿಲೋನ್ಯೂಟನ್ ಎಳೆತಕ್ಕೆ ಲೆಕ್ಕ ಹಾಕಿದ್ದು. ಮೇಲಿಂದ ಗ್ರೀಸ್ ಬಿದ್ದರೆ ಅದೇ ಟಾರ್ಕಿನಲ್ಲಿ ಬೋಲ್ಟ್ ಅತಿಯಾಗಿ ಎಳೆದುಕೊಳ್ಳುತ್ತೆ. ಮಳೆ ಧೂಳಿಗೆ ಒಣಗಿದ ನಟ್ ಆದರೆ ಗೇಜ್ ಸರಿ ತೋರಿಸಿಯೂ ಎಳೆತ ಕಡಿಮೆ ಉಳಿಯುತ್ತೆ. ಅಂಥ ಸೆಟ್ ಪಕ್ಕಕ್ಕಿಡಿ, ಬೋಲ್ಟಿನ ಡಬ್ಬವನ್ನು ಬೋಲ್ಟ್ ಹಾಕುವ ದಿನವೇ ತೆರೆಯಿರಿ. ಒಮ್ಮೆ ಪೂರ್ತಿ ಬಿಗಿ ಮಾಡಿ ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕಬೇಡಿ.