ಸುಸ್ಥಿತಿಯಲ್ಲಿರುವ ಲೈನನ್ನು ಬೇಕೆಂದೇ ಬಿಡಿಸಿದರೆ ಗ್ರಿಡ್ ಸುರಕ್ಷಿತವೇ?

ಎಂ.ಟೆಕ್ ವಿದ್ಯಾರ್ಥಿನಿ:
ಓವರ್‌ಲೋಡ್ ತಪ್ಪಿಸಲು ಪ್ರಸರಣ ಲೈನ್ ಒಂದನ್ನು ಜಾಲದಿಂದ ಬಿಡಿಸುವ ವಿಧಾನದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಲೆಕ್ಕ ಒಪ್ಪುತ್ತದೆ, ಮನಸ್ಸು ಒಪ್ಪುತ್ತಿಲ್ಲ. ದಾರಿ ಕಡಿಮೆಯಾದರೆ ಜಾಲ ದುರ್ಬಲವಾಗಬೇಕಲ್ಲವೇ? ನಿಯಂತ್ರಣ ಕೊಠಡಿಯಲ್ಲಿ ದುಡಿದವರು ತಿಳಿಸಿ.

ನಿವೃತ್ತ ಲೋಡ್ ಡಿಸ್ಪ್ಯಾಚ್ ಎಂಜಿನಿಯರ್:
ಎ, ಬಿ, ಸಿ ಎಂಬ ಮೂರು ಉಪಕೇಂದ್ರಗಳನ್ನು ತ್ರಿಕೋನವಾಗಿ ಬರೆದುಕೊಳ್ಳಿ. ಉತ್ಪಾದನೆ ಎ ಬಳಿ, ಬೇಡಿಕೆ ಸಿ ಬಳಿ, ಮೂರೂ ಲೈನುಗಳ ರಿಯಾಕ್ಟೆನ್ಸ್ (ಎಸಿ ವಿದ್ಯುತ್ತಿಗೆ ಲೈನ್ ಒಡ್ಡುವ ತಡೆ) ಸಮ. ಆಗ ಮೂರರಲ್ಲಿ ಎರಡು ಪಾಲು ವಿದ್ಯುತ್ ನೇರವಾಗಿ ಹರಿಯುತ್ತದೆ, ಒಂದು ಪಾಲು ಬಿ ಮೂಲಕ ಸುತ್ತಿ ಬರುತ್ತದೆ. ಎ-ಬಿ ಲೈನಿನ ಮಿತಿ 40 ಮೆಗಾವಾಟ್, ಉಳಿದವುಗಳದ್ದು 200 ಎಂದಿಟ್ಟುಕೊಳ್ಳಿ. ಒಟ್ಟು 120 ದಾಟಿದರೆ ಎ-ಬಿ ತಾಳದು, ನೇರ ಲೈನಿನಲ್ಲಿ ಮಾತ್ರ ಬರೀ 80! ಎ-ಬಿ ಬಿಡಿಸಿ, 200 ಸಾಗಿಸಬಹುದು.

ಆದರೂ ನಿಮ್ಮ ಅಳುಕು ನ್ಯಾಯವಾದದ್ದು. ಈಗ ಎ-ಸಿ ಟ್ರಿಪ್ ಆದರೆ (ತಾನಾಗಿ ಕಡಿದುಹೋದರೆ) ಸಿ ಪೂರ್ತಿ ಕತ್ತಲು. ಎ-ಬಿ ಇದ್ದಿದ್ದರೆ ಲೋಡ್ ಕಡಿತ ಮಾಡಿಯಾದರೂ 40 ಉಳಿಸಿಕೊಳ್ಳಬಹುದಿತ್ತು. ಆದ್ದರಿಂದ ಬಿಡಿಸಿದ ನಂತರದ ಜಾಲಕ್ಕೂ ಎನ್-1 ಪರೀಕ್ಷೆ, ಅಂದರೆ ಯಾವುದಾದರೂ ಒಂದು ಲೈನ್ ಅಥವಾ ಉಪಕರಣ ಕೈಕೊಟ್ಟರೂ ಜಾಲ ನಿಲ್ಲುತ್ತದೆಯೇ ಎಂಬ ಪರೀಕ್ಷೆ, ನಡೆಸಲೇಬೇಕು.

ಊಹೆಯ ಮೇಲೆ ಮಾತ್ರ ಬ್ರೇಕರ್ ಮುಟ್ಟಬೇಡಿ. 2006ರ ನವೆಂಬರ್ 4ರ ರಾತ್ರಿ ಜರ್ಮನಿಯಲ್ಲಿ, ಎಮ್ಸ್ ನದಿಯಲ್ಲಿ ಹಡಗು ಸಾಗಲೆಂದು 380 ಕಿಲೋವೋಲ್ಟ್ ಜೋಡಿ ಲೈನನ್ನು ಬಿಡಿಸಿದ್ದರು. ಬೇರೊಂದು ಲೈನಿನ ಮೇಲೆ ಭಾರ ಏರಿತು. ಲಾಂಡೆಸ್‌ಬೆರ್ಗೆನ್ ಉಪಕೇಂದ್ರದಲ್ಲಿ ಬಸ್ ಕಪ್ಲರ್ (ಎರಡು ಬಸ್‌ಬಾರ್‌ಗಳನ್ನು ಜೋಡಿಸುವ ಬ್ರೇಕರ್) ಸೇರಿಸಿದರೆ ಸುಮಾರು 80 ಆಂಪಿಯರ್ ಇಳಿಯುತ್ತದೆಂದು ಅಂದಾಜಿಸಿದರು, ಲೋಡ್ ಫ್ಲೋ (ಯಾವ ಲೈನಿನಲ್ಲಿ ಎಷ್ಟು ಹರಿಯುತ್ತದೆಂಬ) ಲೆಕ್ಕ ಮಾಡಲಿಲ್ಲ. ತನಿಖೆಯಲ್ಲಿ ಕಂಡದ್ದು, 67 ಆಂಪಿಯರ್ ಏರಿತ್ತು! ಲೈನ್ ಟ್ರಿಪ್ ಆಯಿತು, ಯುರೋಪಿನ ಗ್ರಿಡ್ ಮೂರು ಹೋಳಾಯಿತು, ಒಂದೂವರೆ ಕೋಟಿ ಮನೆಗಳಿಗೆ ವಿದ್ಯುತ್ ಹೋಯಿತು. ನಮ್ಮ ಕೆಲಸದವರು ಮರೆಯಬಾರದ ರಾತ್ರಿ ಅದು.

ಎಂ.ಟೆಕ್ ವಿದ್ಯಾರ್ಥಿನಿ:
ಧನ್ಯವಾದ ಸರ್. ಮೊದಲೇ ಬಿಡಿಸದೆ, ದೋಷ ಬಂದ ಮೇಲೆ ಬಿಡಿಸಿದರೆ?

ನಿವೃತ್ತ ಲೋಡ್ ಡಿಸ್ಪ್ಯಾಚ್ ಎಂಜಿನಿಯರ್:
ನನಗೆ ಅದೇ ಹೆಚ್ಚು ಇಷ್ಟ. ಓವರ್‌ಲೋಡ್ ವಿಪರೀತವಲ್ಲದಿದ್ದರೆ ವಾಹಕ ಕಾದು ಜೋತು ಬೀಳಲು ಕೆಲವು ನಿಮಿಷ ಹಿಡಿಯುತ್ತದೆ. ಯಾವ ದೋಷಕ್ಕೆ ಯಾವ ಬ್ರೇಕರ್ ಎಂಬುದು ಮೊದಲೇ ಸಿದ್ಧವಿದ್ದರೆ ಅಷ್ಟು ಹೊತ್ತು ಸಾಕು. ಸ್ಥಿರತೆಯೇ ಕ್ಷಣಾರ್ಧದಲ್ಲಿ ಕೆಡುವ ಕಡೆ ಇದು ನಡೆಯದು.

ಗಣಿತದ ಕಡೆಯವನು:
118 ಬಸ್‌ಗಳ (ಸಂಪರ್ಕ ಬಿಂದುಗಳ) ಪರೀಕ್ಷಾ ಜಾಲದಲ್ಲಿ ಅವುಗಳನ್ನು ಜೋಡಿಸುವ 186 ಶಾಖೆಗಳಿವೆ. ಎಲ್ಲವನ್ನೂ ಬಿಡಿಸಿ-ಸೇರಿಸಿ ನೋಡುವುದೆಂದರೆ 2ರ 186ನೇ ಘಾತದಷ್ಟು ಸಂಯೋಜನೆಗಳು. ಕೆಲವೇ ಲೈನುಗಳನ್ನು ಆರಿಸಿ ಡಿಸಿ ಮಾದರಿಯಲ್ಲಿ (ವೋಲ್ಟೇಜ್ ಎಲ್ಲೆಡೆ ಸ್ಥಿರವೆಂದು ಹಿಡಿಯುವ ಸರಳ ಲೆಕ್ಕ) ಜರಡಿ ಹಿಡಿಯಿರಿ, ಜರಡಿಯಲ್ಲಿ ಉಳಿದದ್ದನ್ನು ಎಸಿ ಲೋಡ್ ಫ್ಲೋ ಎಂಬ ಪೂರ್ಣ ಲೆಕ್ಕದಲ್ಲಿ ಪರೀಕ್ಷಿಸಿ. ಡಿಸಿ ಮಾದರಿಗೆ ವೋಲ್ಟೇಜ್ ಕುಸಿತ ಕಾಣುವುದೇ ಇಲ್ಲ.

ನಿವೃತ್ತ ಲೋಡ್ ಡಿಸ್ಪ್ಯಾಚ್ ಎಂಜಿನಿಯರ್:
ಮರಳಿ ಸೇರಿಸಲು ಸಾಧ್ಯವೇ ಎಂದೂ ನೋಡಿ. 2003ರ ಸೆಪ್ಟೆಂಬರ್ 28ರಂದು ಸ್ವಿಟ್ಜರ್ಲೆಂಡಿನ ಮೆಟ್ಲೆನ್-ಲಾವೋರ್ಗೊ ಲೈನ್ ಟ್ರಿಪ್ ಆದಾಗ ಎರಡು ತುದಿಗಳ ವೋಲ್ಟೇಜ್‌ಗಳ ನಡುವಿನ ಹಂತ ಕೋನ (ಫೇಸ್ ಆಂಗಲ್) 42 ಡಿಗ್ರಿಗೆ ಹಿಗ್ಗಿತ್ತು. ಕೋನ ಅಷ್ಟು ದೊಡ್ಡದಿದ್ದುದರಿಂದ ಲೈನನ್ನು ಮರಳಿ ಸೇರಿಸಲಾಗಲಿಲ್ಲ, ಅರ್ಧ ಗಂಟೆಯೊಳಗೆ ಇಟಲಿ ಕತ್ತಲಾಯಿತು. ಆ ಕೋನದ ಮಿತಿಯನ್ನು ನಿಮ್ಮ ಮಾದರಿಯ ನಿರ್ಬಂಧಗಳಲ್ಲಿ ಬರೆದುಕೊಳ್ಳಿ.